ಫ್ರೀವೀಲ್ ತೆಗೆದ ಸೈಕಲ್

ಆ ಮಧ್ಯಾಹ್ನ ಆಳಂದದ ನನ್ನ ಅಂಗಡಿಯ ಮುಂದೆ ಬಂದು ನಿಂತ ಸಾಮಾನು ಆಟೊದಲ್ಲಿ ಒಂದು ಲೇಡೀಸ್ ಸೈಕಲ್ಲನ್ನು ಹಗ್ಗ ಬಿಗಿದು ಮಲಗಿಸಿದ್ದರು. ಆಟೊ ಹೊಡೆಯುತ್ತಿದ್ದವನು ಇಳಿದು ಹಗ್ಗ ಬಿಚ್ಚತೊಡಗಿದ. ಇನ್ನೊಂದು ಬದಿಯಿಂದ ಅವನ ಹೆಂಡತಿ ಇಳಿದಳು. ಮೊದಲು ಊರುಗೋಲು ನೆಲ ಮುಟ್ಟಿತು, ಆಮೇಲೆ ಬಲಗಾಲು. ಎಡಗಾಲು ತೊಡೆಯ ನಡುವಿನಿಂದ ಕೆಳಗೆ ಇರಲಿಲ್ಲ. ಚೂಡಿದಾರದ ಆ ಬದಿಯನ್ನು ಮಡಚಿ ಅಚ್ಚುಕಟ್ಟಾಗಿ ಪಿನ್ ಹಾಕಿಕೊಂಡಿದ್ದಳು.

"ಅಣ್ಣಾರ, ಈ ಸೈಕಲ್ ಒಂದ ಕಾಲಿಲೆ ನಡಿಯೋ ಹಂಗ ಮಾಡಿಕೊಡ್ತೀರೇನ್ರಿ?" ಎಂದಳು.

ನಾನು ಬಂಡಲ್ ಬಿಚ್ಚಿ ಸ್ಪೋಕ್ ಆರಿಸುತ್ತಿದ್ದೆ. ಕೈಯಲ್ಲಿದ್ದುದನ್ನು ಕೆಳಗಿಟ್ಟೆ. "ಕೈಲೆ ತಿರುವೋ ಮೂರುಗಾಲಿ ಸೈಕಲ್ ಸಿಗ್ತದಲ್ರಿ ಅಕ್ಕಾರ" ಎಂದೆ.

"ಅದು ಮನ್ಯಾಗ ಅದರಿ. ಡಾಂಬರ್ ಮ್ಯಾಲ ಛಲೋ ಹೋಗ್ತದ. ತೊಗರಿ ಹೊಲದ ಬದುವಿನ ಮ್ಯಾಲ ಹೋಗಂಗಿಲ್ಲ. ಅಲ್ಲಿ ಹಾದಿ ಒಂದ ಗಾಲಿಯಷ್ಟ ಅದ."

ಆಕೆ ನಿಂಬರ್ಗಾದ ಸುತ್ತಲಿನ ವಾಡಿಗಳಿಗೆ ಟಪಾಲು ಹಂಚುವವಳು. ವಾಡಿ ಅಂದರೆ ಹೊಲಗಳ ನಡುವೆ ಹತ್ತಿಪ್ಪತ್ತು ಮನೆಗಳು. ದೊಡ್ಡ ರಸ್ತೆಯಿಂದ ಅಲ್ಲಿಗೆ ಹೋಗುವುದು ಜನ ತುಳಿದು ತುಳಿದು ಆದ ಕಾಲುದಾರಿಯಲ್ಲಿ. ಖಜೂರಿ ಕಡೆಯ ರಸ್ತೆಯಲ್ಲಿ ಲಾರಿಯ ಹಿಂದಿನ ಗಾಲಿಗೆ ಸಿಕ್ಕು ಕಾಲು ಹೋಯಿತು ಎಂದು ಗಂಡ ಹೇಳಿದ. ಈಗ ಬಟವಾಡೆಯನ್ನು ಬೇರೊಬ್ಬರು ನೋಡಿಕೊಳ್ಳುತ್ತಿದ್ದರು. ದೀಪಾವಳಿ ಮುಗಿಯುತ್ತಿದ್ದಂತೆ ಆಕೆಯ ರಜೆಯೂ ಮುಗಿಯುತ್ತಿತ್ತು. ಆಮೇಲೆ ತಾನೇ ವಾಡಿಗಳಿಗೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಕೃತಕ ಕಾಲು ಕಟ್ಟಿಕೊಂಡು ಮನೆಯೊಳಗೆ ನಡೆಯುವುದನ್ನು ಕಲಿಯುತ್ತಿದ್ದಳು. ಆದರೆ ಅದರ ಮೊಣಕಾಲು ಪೆಡಲ್ ತಿರುಗುವ ಬಗೆಗೆ ಒಗ್ಗುತ್ತಿರಲಿಲ್ಲ, ನಡುವೆಯೇ ಸೆಟೆದು ನಿಲ್ಲುತ್ತಿತ್ತು.

"ನನಗ ಸೈಕಲ್ ಹೊಸಾದಲ್ರಿ" ಎಂದಳು. "ನಮ್ಮ ತವರು ಜೇವರ್ಗಿ ಕಡೆ ಅಂದೋಲಾ. ಅಲ್ಲಿಂದ ಸಾಲಿಗಿ ಸೈಕಲ್ ಮ್ಯಾಲೇ ಹೋಗೀನಿ. ಹೊಡಿಯೋದು ಬರ್ತದ. ಕಾಲ್ ಅಷ್ಟ ಕಮ್ಮಿ ಬಿದ್ದದ."

ನೋಡೋಣ ಎಂದೆ. ಆಟೊ ಹೋದ ಮೇಲೆ ಬಹಳ ಹೊತ್ತು ಆ ಸೈಕಲ್ಲಿನ ಮುಂದೆಯೇ ಕುಳಿತಿದ್ದೆ.

ಒಂದು ಕಾಲಿನಲ್ಲಿ ತುಳಿಯುವುದರ ಕಷ್ಟ ಎಲ್ಲಿದೆ ಎಂಬುದು ತುಳಿದು ನೋಡುವತನಕ ನನಗೆ ತಿಳಿದಿರಲಿಲ್ಲ. ಅಂಗಡಿಯ ಹಿಂದಿನ ಓಣಿಯಲ್ಲಿ ಎಡಗಾಲನ್ನು ಹಿಂದಕ್ಕೆ ಮಡಚಿಕೊಂಡು ಹತ್ತಿದೆ. ಬಲಗಾಲು ಪೆಡಲನ್ನು ಕೆಳಕ್ಕೆ ಒತ್ತಿತು, ಸೈಕಲ್ ಮುಂದಕ್ಕೆ ಹೋಯಿತು. ಕೆಳಗೆ ಹೋದ ಪೆಡಲ್ ಅಲ್ಲೇ ನಿಂತಿತು. ಎರಡು ಕಾಲಿದ್ದವರಿಗೆ ಈ ಹೊತ್ತಿನಲ್ಲಿ ಇನ್ನೊಂದು ಕಾಲು ಒತ್ತುತ್ತದೆ, ಅದರ ಬಲಕ್ಕೆ ಈ ಕಾಲು ಮೇಲೆ ಬರುತ್ತದೆ. ನಡೆಯುವಾಗ ಉಸಿರಾಟ ಗಮನಕ್ಕೆ ಬಾರದ ಹಾಗೆ ಇದೂ ಗಮನಕ್ಕೆ ಬರುವುದಿಲ್ಲ. ಈಗ ಇನ್ನೊಂದು ಕಾಲು ಇಲ್ಲ. ಪೆಡಲಿಗೆ ಪಟ್ಟಿ ಬಿಗಿದು ಪಾದವನ್ನು ಸಿಕ್ಕಿಸಿ ಎಳೆದುಕೊಂಡೆ. ಓಣಿಯ ಆ ತುದಿ ಮುಟ್ಟುವಷ್ಟರಲ್ಲಿ ತೊಡೆಯ ಮುಂಭಾಗ ಉರಿಯತೊಡಗಿತು.

ನನಗೆ ಮೊದಲು ಹೊಳೆದದ್ದು ತೂಕ. ಪೆಡಲ್ ಕೂರುವ ಕಬ್ಬಿಣದ ತೋಳಿಗೆ ಕ್ರ್ಯಾಂಕ್ ಎನ್ನುತ್ತೇವೆ. ಎಡ ಕ್ರ್ಯಾಂಕಿನ ತುದಿಗೆ ಕಾಲಿನ ಬದಲು ಭಾರ ಕಟ್ಟಿದರೆ, ಅದು ಇಳಿಯುವಾಗ ಬಲಗಾಲು ಏರಬೇಕು. ಕಿರಾಣಿ ಅಂಗಡಿಯವರು ಬಿಸಾಡಿದ್ದ ತಕ್ಕಡಿಯ ಹಳೆಯ ಕಬ್ಬಿಣದ ತೂಕಗಳನ್ನು ತಂದು, ತೂತು ಕೊರೆದು, ಬೋಲ್ಟ್ ಹಾಕಿ ಎಡ ಕ್ರ್ಯಾಂಕಿಗೆ ಬಿಗಿದೆ. ಸ್ಟ್ಯಾಂಡ್ ಮೇಲೆ ಅದು ಚೆಂದವಾಗಿ ತಿರುಗಿತು. ಬೆರಳಲ್ಲಿ ನೂಕಿದರೆ ಸಾಕು, ತೂಕ ಇಳಿಯುತ್ತಿತ್ತು, ಖಾಲಿ ಪೆಡಲ್ ಏರುತ್ತಿತ್ತು. ಕೆಲಸ ಆಯಿತೆಂದೇ ನಂಬಿ ಫೋನ್ ಮಾಡಿದೆ.

ಅವರಿಬ್ಬರೂ ಬಂದರು. ತೊಗರಿಯ ಕಾಲವಲ್ಲವಾದ್ದರಿಂದ ಮಾರುಕಟ್ಟೆಯ ಅಂಗಳ ಖಾಲಿ ಬಿದ್ದಿತ್ತು. ವಿಶಾಲವಾದ ಸಿಮೆಂಟಿನ ನೆಲ. ಗಂಡ ಸೀಟು ಹಿಡಿದುಕೊಂಡು ಸ್ವಲ್ಪ ದೂರ ಜೊತೆಗೆ ಓಡಿ ಬಿಟ್ಟ. ಆಕೆ ಹೋದಳು. ಬೆನ್ನು ನೆಟ್ಟಗಿತ್ತು. ಹ್ಯಾಂಡಲ್ ಅಲುಗಲಿಲ್ಲ. ಇದು ಮೊದಲಿನಿಂದ ಸೈಕಲ್ ಬಲ್ಲವಳ ಕೂರುವಿಕೆ ಎಂಬುದು ಹಿಂದಿನಿಂದ ನೋಡುತ್ತಿದ್ದ ನನಗೆ ತಕ್ಷಣ ತಿಳಿಯಿತು. ಅಂಗಳದ ತುದಿಯಲ್ಲಿ ತಿರುಗಿಸುವಾಗ ವೇಗ ಇಳಿಯಿತು. ಬಲಗಾಲು ಅರ್ಧಕ್ಕೆ ನಿಂತಿತು. ತೂಕ ಮೇಲೂ ಹೋಗದೆ ಕೆಳಗೂ ಬಾರದೆ ತೂಗಾಡಿತು, ಅದರ ತೂಗಾಟಕ್ಕೆ ಇಡೀ ಸೈಕಲ್ ಎಡಕ್ಕೆ ವಾಲಿತು. ಆ ಬದಿಗೆ ಊರಲು ಕಾಲಿರಲಿಲ್ಲ. ಮೊಣಕೈ ಮೇಲೆ ಬಿದ್ದಳು.

ಗಂಡ ಓಡಿದ, ನಾನೂ ಓಡಿದೆ. ಎಬ್ಬಿಸಿ ಕೂರಿಸಿದಾಗ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಆಕೆ ಅದನ್ನು ನೋಡಿಕೊಳ್ಳಲಿಲ್ಲ. "ಸೈಕಲಿಗಿ ಏನರೆ ಆಗ್ಯದೇನು ನೋಡ್ರಿ ಅಣ್ಣಾರ" ಎಂದಳು.

"ಸೈಕಲ್ ಹಾಳಾಗ್ಲಿ" ಎಂದ ಗಂಡ. ಹೆಗಲ ಟವೆಲನ್ನು ಆಕೆಯ ಮೊಣಕೈಗೆ ಸುತ್ತಿದ. ನನ್ನ ಕಡೆ ತಿರುಗಿ, "ಇಲ್ಲಿಗಿ ಸಾಕ್ ಮಾಡೋಣ್ರಿ. ಒಂದು ಸಲ ಆಕಿನ್ನ ರಸ್ತೆ ಮ್ಯಾಲಿಂದ ಎತ್ತೀನಿ. ಮತ್ತ ಎತ್ತೋದು ನನ್ನ ಕೈಲಿ ಆಗಂಗಿಲ್ಲ" ಎಂದ.

ಸೈಕಲ್ಲನ್ನು ನನ್ನ ಹತ್ತಿರವೇ ಬಿಟ್ಟು ಹೋದರು.

ಆ ವಾರ ಮಳೆ ಹಿಡಿದಿತ್ತು. ಹಾಲು ಹಾಕುವ ಒಬ್ಬ ಹಿರಿಯರು ತಮ್ಮ ಹಳೆಯ ಸೈಕಲ್ಲನ್ನು ನೂಕಿಕೊಂಡು ಬಂದರು. ಕೊಟ್ಟಿಗೆಯ ಸೋರುವ ಮೂಲೆಯಲ್ಲಿ ನಿಲ್ಲಿಸಿದ್ದರಂತೆ.

"ಇದಕ ಏನೋ ಹಿಡದದ ನೋಡ್ರಿ" ಎಂದರು. "ನಾ ತುಳಿಯೋದು ನಿಲ್ಸಿದ್ರೂ ಪೆಡಲ್ ನಿಲ್ಲವಲ್ದು. ಹಿಂದಿಂದ ಯಾರೋ ಕಾಲ್ ಹಿಡದು ತಿರುವಿದಂಗ ಆಗ್ತದ."

ಏನಾಗಿದೆ ಎಂದು ನೋಡದೆಯೇ ಹೇಳಬಹುದಿತ್ತು. ಹಿಂದಿನ ಗಾಲಿಯಲ್ಲಿರುವ ಫ್ರೀವೀಲ್ ಒಳಗೆ ನೀರು ಹೋಗಿ ತುಕ್ಕು ಹಿಡಿದಿತ್ತು. ಫ್ರೀವೀಲ್ ಇರುವುದರಿಂದಲೇ ನಾವು ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ತನ್ನ ಪಾಡಿಗೆ ಉರುಳುತ್ತದೆ. ಅದರೊಳಗಿನ ಪುಟ್ಟ ಸ್ಪ್ರಿಂಗು, ನಾಲಿಗೆಗಳು ಕಟಕಟ ಎನ್ನುವುದು ಆಗಲೇ. ಅದು ಬಿಗಿದುಕೊಂಡರೆ ಗಾಲಿ, ಚೈನು, ಪೆಡಲ್ ಎಲ್ಲ ಒಂದೇ ಆಗಿಬಿಡುತ್ತವೆ. ಗಾಲಿ ತಿರುಗುವವರೆಗೆ ಪೆಡಲೂ ತಿರುಗುತ್ತದೆ. ಫ್ರೀವೀಲ್ ಬದಲಿಸಬೇಕು ಎಂದು ಹೇಳಲು ಬಾಯಿ ತೆರೆದವನು ಹಾಗೇ ನಿಂತೆ.

ಅವರು ಚಹಾ ಕುಡಿಯಲು ಹೋದ ಮೇಲೆ ಆ ಸೈಕಲ್ಲನ್ನು ಓಣಿಗೆ ಒಯ್ದೆ. ಎಡಗಾಲು ಮಡಚಿ ಹತ್ತಿದೆ. ಬಲಗಾಲು ಒತ್ತಿತು, ಪೆಡಲ್ ಕೆಳಕ್ಕೆ ಹೋಯಿತು. ಅಲ್ಲಿ ನಿಲ್ಲಲಿಲ್ಲ. ಯಾರೋ ಕೆಳಗಿನಿಂದ ಪಾದಕ್ಕೆ ಅಂಗೈ ಕೊಟ್ಟು ಎತ್ತಿದಂತೆ ನನ್ನ ಕಾಲು ಮೇಲೆ ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ಪಟ್ಟಿ ಬೇಕಿರಲಿಲ್ಲ, ಎಳೆಯಬೇಕಿರಲಿಲ್ಲ. ಉರುಳುತ್ತಿರುವ ಗಾಲಿ ತನ್ನ ಓಟದಲ್ಲಿ ಒಂದು ಪಾಲನ್ನು ನನ್ನ ಕಾಲಿಗೆ ಹಿಂದಿರುಗಿಸುತ್ತಿತ್ತು. ಎಷ್ಟೋ ವರ್ಷಗಳಿಂದ ಇದೇ ಚೈನು, ಇದೇ ಹಲ್ಲುಗಳನ್ನು ಮುಟ್ಟಿದ ಕೈ ನನ್ನದು. ಇವುಗಳೊಳಗೆ ಇಂಥ ಉಪಕಾರ ಇದೆ ಎಂದು ಎಂದೂ ಅನ್ನಿಸಿರಲಿಲ್ಲ. ಓಣಿ ಮುಗಿದರೂ ಇಳಿಯುವ ಮನಸ್ಸಾಗಲಿಲ್ಲ.

ಫ್ರೀವೀಲ್ ಇಲ್ಲದ ಸೈಕಲ್ ಹೊಸ ಮಾತೇನೂ ಆಗಿರಲಿಲ್ಲ. ಕಲಬುರಗಿಯ ಕಾಲೇಜು ಹುಡುಗರು ಹಳೆಯ ಗೇರ್ ಸೈಕಲ್ ತಂದು, ಎಲ್ಲ ಕಿತ್ತು 'ಫಿಕ್ಸಿ' ಮಾಡಿಕೊಡಿ ಎನ್ನುತ್ತಿದ್ದರು. ನಾನು ಗೇರ್ ತೆಗೆದು, ಹ್ಯಾಂಡಲ್ ಕತ್ತರಿಸಿ, ಬಣ್ಣ ಹೊಡೆದು ಕೊಡುತ್ತಿದ್ದೆ. ಫ್ರೀವೀಲ್ ಮಾತ್ರ ಮುಟ್ಟುತ್ತಿರಲಿಲ್ಲ. ಕಾಲಿಗೆ ಬಿಡುವು ಕೊಡದ ಸೈಕಲ್ ಶೋಕಿಗಷ್ಟೇ ಎಂದುಕೊಂಡಿದ್ದೆ. ಈಗ ಅದನ್ನೇ, ತುಕ್ಕಿನ ಆಸರೆಯಿಲ್ಲದೆ, ಗಟ್ಟಿಯಾಗಿ ಮಾಡಬೇಕಾಗಿತ್ತು.

ಹಿಂದಿನ ಗಾಲಿಯ ನಡುವೆ ಸ್ಪೋಕ್‌ಗಳೆಲ್ಲ ಬಂದು ಸೇರುವ ಗುಂಭ, ಅಂದರೆ ಹಬ್, ಅದರ ಮೇಲೆ ಫ್ರೀವೀಲ್ ಕೂರುವ ಜಾಗದಲ್ಲಿ ತಿರುಪಿನ ಎಳೆಗಳಿರುತ್ತವೆ. ಅಲ್ಲಿಗೆ ಹೊಂದುವ ಒಂದು ಗಟ್ಟಿ ಹಲ್ಲಿನ ಚಕ್ರವನ್ನು ತಿರುಗಿಸಿ ಬಿಗಿದೆ. ಮುಂದಕ್ಕೆ ತುಳಿದಷ್ಟೂ ಅದು ಇನ್ನೂ ಬಿಗಿಯಾಗುತ್ತದೆ. ಆದರೆ ಇಂಥ ಸೈಕಲ್ಲಿನ ವೇಗ ಇಳಿಸಲು ಕಾಲಿನಿಂದ ಪೆಡಲನ್ನು ತಡೆಹಿಡಿಯುತ್ತೇವಲ್ಲ, ಆಗ ಅದೇ ಎಳೆಯ ಮೇಲೆ ಬಿಚ್ಚುವ ಬಲ ಬೀಳುತ್ತದೆ. ಮಾರುಕಟ್ಟೆಯ ಅಂಗಳದಲ್ಲಿ ಜೋರಾಗಿ ಹೋಗಿ ಕಾಲಲ್ಲಿ ತಡೆದೆ. ಒಮ್ಮೆ ತಡೆಯಿತು, ಎರಡನೆಯ ಸಲವೂ ತಡೆಯಿತು. ಮೂರನೆಯ ಸಲ ಪಟ್ಟನೆ ಸಡಿಲವಾಯಿತು, ಕಾಲು ಗಾಳಿಯಲ್ಲಿ ಹಿಂದಕ್ಕೆ ತಿರುಗಿತು. ಕೈಬ್ರೇಕ್ ಹಿಡಿದು ಖಾಲಿ ಚೀಲಗಳ ರಾಶಿಗೆ ಹೋಗಿ ಗುದ್ದಿ ನಿಂತೆ. ವಾಡಿಗಳ ದಾರಿಯಲ್ಲಿ ಒಂದು ಹಳ್ಳವಿದೆ, ಅದರ ಇಳಿಜಾರಿನಲ್ಲಿ ಆಕೆ ಇದ್ದು ಹೀಗಾಗಿದ್ದರೆ ಎಂಬ ಯೋಚನೆಯನ್ನು ಮುಂದುವರಿಸಲು ಧೈರ್ಯವಾಗಲಿಲ್ಲ.

ವೆಲ್ಡಿಂಗ್ ಮಾಡಿಸೋಣವೆಂದು ಬೇರೊಂದು ಹಳೆಯ ಹಬ್ಬಿನ ಮೇಲೆ ಪ್ರಯತ್ನಿಸಿದೆ. ಶಾಖಕ್ಕೆ ಹಬ್ಬಿನ ಬಟ್ಟಲು ಸೊಟ್ಟಗಾಯಿತು, ಬೇರಿಂಗ್ ಗುಂಡುಗಳು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಒಂದು ನಿರ್ಧಾರಕ್ಕೆ ಬಂದೆ: ತಿರುಪಿನ ಎಳೆಯನ್ನು ನಂಬಿ ನಿಲ್ಲುವ ಯಾವ ಚಕ್ರವನ್ನೂ ಈ ಸೈಕಲ್ಲಿಗೆ ಹಾಕಬಾರದು. ಹಾಗಾದರೆ ಮತ್ತೇನು ಹಾಕಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಉತ್ತರ ನನ್ನ ಅಂಗಡಿಯ ಗೋಡೆಗೇ ಒರಗಿ ನಿಂತಿತ್ತು. ಈಗಿನ ಸೈಕಲ್ಲುಗಳಿಗೆ ಮೋಟಾರ್ ಸೈಕಲ್ಲಿನ ಹಾಗೆ ಡಿಸ್ಕ್ ಬ್ರೇಕ್ ಬರುತ್ತದೆ. ಅಂಥ ಒಂದು ಸೈಕಲ್ ರಿಪೇರಿಗೆ ಬಂದಿತ್ತು. ಅದರ ಹಿಂದಿನ ಗಾಲಿಯ ಎಡಬದಿಗೆ ಬ್ರೇಕಿನ ತಟ್ಟೆಯನ್ನು ಆರು ಬೋಲ್ಟುಗಳು ಹಬ್ಬಿಗೆ ಹಿಡಿದಿದ್ದವು. ತಟ್ಟೆ ಒರೆಸುತ್ತಿದ್ದ ನನ್ನ ಕೈ ನಿಂತಿತು. ಬ್ರೇಕ್ ಹಾಕಿದಾಗ ಇಡೀ ಸೈಕಲ್ಲಿನ, ಸವಾರನ ಓಟವನ್ನು ತಡೆಯುವುದು ಈ ಆರು ಬೋಲ್ಟುಗಳೇ. ಮುಂದಕ್ಕೂ ಬಿಚ್ಚುವುದಿಲ್ಲ, ಹಿಂದಕ್ಕೂ ಬಿಚ್ಚುವುದಿಲ್ಲ. ತಟ್ಟೆಯ ಬದಲು ಅಲ್ಲಿ ಹಲ್ಲಿನ ಚಕ್ರ ಕೂತರೆ? ಗಾಲಿಯನ್ನೇ ತಿರುವಿ ಹಾಕಿದರೆ ಆ ಬದಿ ಬಲಕ್ಕೆ, ಚೈನಿನ ಕಡೆಗೆ ಬರುತ್ತದೆ.

ಆದರೆ ಆರು ತೂತಿನ ಹಲ್ಲುಚಕ್ರ ನಮ್ಮ ಕಡೆಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಡಿಸ್ಕ್ ಹಬ್ ಚೀಲಕ್ಕೆ ಹಾಕಿಕೊಂಡು ಅಫಜಲಪುರದ ಬಸ್ಸು ಹತ್ತಿದೆ. ಅಲ್ಲಿ ಕಬ್ಬಿನ ಗಾಡಿಗಳ ಅಚ್ಚು, ಪಂಪಿನ ಶಾಫ್ಟು ಮಾಡಿಕೊಡುವ ಒಬ್ಬ ಲೇಥಿನವರಿದ್ದರು. ನಾನು ಮಾತು ಮುಗಿಸುವತನಕ ಅವರು ಹಬ್ಬನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸೈಕಲಿಂದು ಇಷ್ಟ್ ಸಣ್ಣ ಕೆಲಸ ನಾ ಮಾಡಿಲ್ರಿ" ಎಂದರು. "ಯಾರಿಗಿ ಇದು?"

ಹೇಳಿದೆ. ಅವರು ಹಬ್ಬನ್ನು ಮೇಜಿನ ಮೇಲಿಟ್ಟು ಅಳತೆ ತೆಗೆಯತೊಡಗಿದರು. "ಹಲ್ಲ್ ಎಷ್ಟ ಬೇಕು?"

"ಹದಿನೆಂಟ್ ಇರ್ತಾವ್ರಿ. ಇಪ್ಪತ್ತ್ ಮಾಡ್ರಿ. ಏರಿಗಿ ಒಂದ ಕಾಲಿಗಿ ಹಗುರ ಆಗ್ಬೇಕು."

"ಇಳಿಜಾರಿನ್ಯಾಗ ಕಾಲ್ ಜಾಸ್ತಿ ತಿರುಗಬೇಕಾಗ್ತದಲ್ರಿ?"

"ಆಗ್ತದ. ಅದಕ ಬ್ರೇಕ್ ಅದಾವ. ಏರಿನ್ಯಾಗ ಸಹಾಯ ಮಾಡೋರ್ ಯಾರೂ ಇಲ್ಲ."

ಅವರು ತಲೆಯಾಡಿಸಿದರು. ಉಕ್ಕಿನ ತಗಡಿನಿಂದ ಒಂದು ಬಿಲ್ಲೆ ಕತ್ತರಿಸಿ, ನಡುವಿನ ತೂತನ್ನು ಹಬ್ಬಿನ ಕೊರಳಿಗೆ ಕೂದಲೆಳೆಯಷ್ಟೂ ಸಡಿಲವಿರದಂತೆ ಲೇಥಿನಲ್ಲಿ ಹಿಗ್ಗಿಸಿದರು. ಸುತ್ತ ಗುರುತು ಹಾಕಿ, ಹಲ್ಲು ಹಲ್ಲಿನ ನಡುವಿನ ತಗ್ಗುಗಳನ್ನು ಡ್ರಿಲ್ಲಿನಲ್ಲಿ ಕೊರೆದು, ಆಮೇಲೆ ಅರದಿಂದ ಉಜ್ಜಿದರು. ನಾನು ಚೈನಿನ ತುಂಡೊಂದನ್ನು ಸುತ್ತಿ ಸುತ್ತಿ ನೋಡುತ್ತಿದ್ದೆ. ಎಲ್ಲಿ ಕೊಂಡಿ ಕುಣಿಯುತ್ತದೋ ಅಲ್ಲಿ ಬೆರಳಿಟ್ಟು ತೋರಿಸಿದರೆ ಮತ್ತೆ ಉಜ್ಜುತ್ತಿದ್ದರು. ಮೊದಲನೆಯ ಚಕ್ರದ ಒಂದು ಬೋಲ್ಟಿನ ತೂತು ಸರಿದುಹೋಯಿತು. ಅದನ್ನು ಪಕ್ಕಕ್ಕೆ ಎಸೆದು ಇನ್ನೊಂದು ತಗಡು ಎತ್ತಿಕೊಂಡರು. ಎರಡನೆಯದು ಸರಿಬಂತು. ಚೈನು ಅದರ ಮೇಲೆ ನೀರು ಹರಿದಂತೆ ಸದ್ದಿಲ್ಲದೆ ಹರಿಯಿತು. ಲೇಥಿನವರು ಅದನ್ನು ಕಣ್ಣ ಮಟ್ಟಕ್ಕೆ ಹಿಡಿದು, "ಆಕಿ ಹೊಡದ ಮ್ಯಾಲ ನನಗ ಒಂದ್ ಫೋನ್ ಮಾಡ್ರಿ" ಎಂದರು.

ಅಂಗಡಿಗೆ ಬಂದು ಕೆಲಸಕ್ಕೆ ಕುಳಿತೆ. ಆಕೆಯ ಹಳೆಯ ರಿಮ್ಮಿಗೆ ಹೊಸ ಹಬ್ ಹೆಣೆದೆ. ಹಬ್ ತಿರುವಿ ಹಾಕಿದ್ದರಿಂದ ರಿಮ್ ಒಂದು ಬದಿಗೆ ವಾಲಿತ್ತು. ಸ್ಪೋಕ್‌ಗಳನ್ನು ಒಂದೊಂದಾಗಿ ಬಿಗಿದು, ಸಡಿಲಿಸಿ ಅದನ್ನು ಚೌಕಟ್ಟಿನ ನಡುವಿಗೆ ತಂದೆ. ಮುಂದಿನ ಚೈನ್‌ವೀಲಿಗೂ ಹಿಂದಿನ ಹಲ್ಲುಚಕ್ರಕ್ಕೂ ಉದ್ದನೆಯ ಪಟ್ಟಿ ಹಿಡಿದು ನೋಡಿದರೆ ಸ್ವಲ್ಪ ಓರೆ. ಮಾಮೂಲಿ ಸೈಕಲ್ಲಿನಲ್ಲಿ ಅಷ್ಟು ಓರೆಯನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಚೈನು ಕಳಚಿತೆಂದರೆ ಕಾಲನ್ನು ಎತ್ತುವ ಆಸರೆಯೇ ಕಳಚಿದಂತೆ. ವಾಷರ್ ಹಾಕಿ, ತೆಗೆದು, ತೆಳ್ಳಗಿನದನ್ನು ಹುಡುಕಿ ಹಾಕಿ, ಪಟ್ಟಿ ಎರಡಕ್ಕೂ ಸಮನಾಗಿ ತಾಗುವತನಕ ಬಿಡಲಿಲ್ಲ. ಚೈನಿನ ಬಿಗಿತ ಇನ್ನೂ ನಾಜೂಕು. ಬಿಗಿ ಹೆಚ್ಚಾದರೆ ತಿರುಗುವಾಗ ನರಳುತ್ತದೆ, ಕಡಿಮೆಯಾದರೆ ಹಾರುತ್ತದೆ. ಆರು ಬೋಲ್ಟುಗಳಿಗೂ ಅಂಟು ಹಾಕಿ ಬಿಗಿದೆ.

ಎಡಗಡೆಯ ಕ್ರ್ಯಾಂಕನ್ನು ಪೂರಾ ತೆಗೆದುಹಾಕಿದೆ. ಬಲಗಡೆಗೆ ಸಣ್ಣವರ ಸೈಕಲ್ಲಿನ ಗಿಡ್ಡ ಕ್ರ್ಯಾಂಕ್ ಹಾಕಿದೆ; ಮೊಣಕಾಲು ಅಷ್ಟು ಎತ್ತರಕ್ಕೆ ಮಡಚಬೇಕಾಗುವುದಿಲ್ಲ, ಸುತ್ತೂ ಚಿಕ್ಕದು. ಪಾದ ಮುಂದಕ್ಕೆ ಜಾರದಂತೆ ಪೆಡಲಿಗೆ ಒಂದು ಅರ್ಧ ಬುಟ್ಟಿ. ಕ್ರ್ಯಾಂಕ್ ಇಲ್ಲದೆ ಖಾಲಿಯಾದ ಎಡಬದಿಗೆ ಊರುಗೋಲನ್ನು ಸಿಕ್ಕಿಸಲು ಎರಡು ಕೊಂಡಿ, ಒಳಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿ. ಕೊನೆಗೆ ಯಾರೂ ಕೇಳದಿದ್ದರೂ ಚೌಕಟ್ಟಿಗೆ ನೀಲಿ ಬಣ್ಣ ಹೊಡೆದೆ. ಅವರ ಆಟೊದ ಮುಂಭಾಗವೂ ಅದೇ ನೀಲಿ ಬಣ್ಣದ್ದಾಗಿತ್ತು.

ಮತ್ತೆ ಅಂಗಳದಲ್ಲಿ ಪರೀಕ್ಷಿಸಿದೆ. ಎಷ್ಟು ಜೋರಾಗಿ ಹೋಗಿ ಎಷ್ಟು ಸಲ ಕಾಲಲ್ಲಿ ತಡೆದರೂ ಚಕ್ರ ಜಗ್ಗಲಿಲ್ಲ. ನನ್ನ ಹೆಂಡತಿಯ ತಮ್ಮನ ಬಾಡಿಗೆ ಗಾಡಿಯಲ್ಲಿ ಸೈಕಲ್ ಹೇರಿಕೊಂಡು, ಫೋನ್ ಮಾಡದೆ, ನಿಂಬರ್ಗಾಕ್ಕೆ ಹೋದೆ. ಫೋನ್ ಮಾಡಿದ್ದರೆ ಗಂಡ ಬೇಡ ಎನ್ನುತ್ತಿದ್ದ.

ಅವನು ಮನೆಯ ಮುಂದೆಯೇ ಆಟೊ ತೊಳೆಯುತ್ತಿದ್ದ. ಸೈಕಲ್ ನೋಡಿ ಮುಖ ಗಟ್ಟಿ ಮಾಡಿಕೊಂಡ. "ಬ್ಯಾಡ ಅಂದಿದ್ನಲ್ರಿ" ಎಂದ. ಆಕೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಆಕೆಯ ಹಿಂದೆ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅದರ ಕೆಳಗೆ ಗೂಟಕ್ಕೆ ಟಪಾಲಿನ ಖಾಲಿ ಚೀಲ ತೂಗುತ್ತಿತ್ತು.

ನಾನು ಏನನ್ನೂ ವಿವರಿಸಲಿಲ್ಲ. ಸೈಕಲ್ಲನ್ನು ಹಿಂದಿನಿಂದ ಎತ್ತಿ ಹಿಡಿದು, "ತಂಗೆವ್ವ, ಗಾಲಿ ಒಂದ್ಸಲ ತಿರುವು" ಎಂದೆ. ಆಕೆ ಬಂದು, ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು ಬಾಗಿ, ಕೈಯಿಂದ ಗಾಲಿ ನೂಕಿದಳು. ಗಾಲಿಯ ಜೊತೆ ಪೆಡಲ್ ಏರಿತು, ಇಳಿಯಿತು, ಮತ್ತೆ ಏರಿತು. ಕಟಕಟ ಸದ್ದಿಲ್ಲ. ಆಕೆ ಅದು ನಿಧಾನವಾಗಿ ನಿಲ್ಲುವತನಕ ನೋಡಿದಳು. ಆಮೇಲೆ ಅಂಗೈಯನ್ನು ಪೆಡಲಿನ ಮೇಲಿಟ್ಟು, ಇನ್ನೊಂದು ಕೈಯಿಂದ ಗಾಲಿ ತಿರುಗಿಸಿದಳು. ಅಂಗೈ ತಾನಾಗಿ ಮೇಲೆ ಬಂತು.

"ಇದು ನನ್ನ ಕೈ ಎತ್ತಾಕತ್ತದ" ಎಂದಳು, ಗಂಡನ ಕಡೆ ತಿರುಗಿ, ಮೆಲ್ಲಗೆ.

ಅವನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡ. ನಮ್ಮಿಬ್ಬರನ್ನೂ ನೋಡಲಿಲ್ಲ. ಸೈಕಲ್ ಹಿಡಿದು ಓಣಿಗೆ ಒಯ್ದ. ತನ್ನ ಎಡಗಾಲನ್ನು ಮಡಚಿಕೊಂಡು ಹತ್ತಿದ. ಲೇಡೀಸ್ ಸೈಕಲ್, ಗಿಡ್ಡ ಕ್ರ್ಯಾಂಕ್, ಉದ್ದನೆಯ ಗಂಡಸು. ಓಣಿಯ ಹೆಂಗಸರು ಕೆಲಸ ಬಿಟ್ಟು ನಿಂತರು. ಮೊದಲು ತಡವರಿಸಿದ, ಪೆಡಲ್ ನಿಲ್ಲದ್ದಕ್ಕೆ ಗಾಬರಿಯಾಗಿ ಗೋಡೆ ಹಿಡಿದ. ಮತ್ತೆ ಹೊರಟ. ಓಣಿಯ ತುದಿಗೆ ಹೋಗಿ, ತಿರುಗಿ, ಆಕೆ ಬಿದ್ದಂಥದೇ ತಿರುವಿನಲ್ಲಿ ಬೇಕೆಂದೇ ನಿಧಾನ ಮಾಡಿ, ವಾಪಸು ಬಂದ. ಬೆವರಿದ್ದ. ಹ್ಯಾಂಡಲನ್ನು ಹೆಂಡತಿಯ ಕೈಗೆ ಕೊಟ್ಟು, "ಬಿಡಂಗಿಲ್ಲ ಇದು, ಹಿಡಕೊಂಡಿರ್ತದ" ಎಂದ. ಆಮೇಲೆ ಹಿಂದಿನಿಂದ ಸೀಟು ಹಿಡಿದು, "ನೀನೂ ನೋಡು" ಎಂದ.

ಕಲಿಯುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಸೈಕಲ್ ಗೊತ್ತಿದ್ದದ್ದೇ ಆಕೆಗೆ ಅಡ್ಡಿಯಾಯಿತು. ಇಳಿಜಾರು ಬಂದ ಕೂಡಲೇ ಕಾಲು ಹಳೆಯ ರೂಢಿಯಂತೆ ವಿಶ್ರಾಂತಿಗೆ ನಿಲ್ಲುತ್ತಿತ್ತು, ಪೆಡಲ್ ಅದನ್ನು ಎತ್ತಿ ಒಗೆಯುತ್ತಿತ್ತು. ಕಣಕಾಲಿಗೆ ಪೆಟ್ಟು ಬಿದ್ದು ನೀಲಿಗಟ್ಟಿತು. ಹತ್ತುವುದಕ್ಕೂ ಒಂದು ಕ್ರಮ ಬೇಕಾಯಿತು. ಸೀಟಿನ ಮೇಲೆ ಕುಳಿತು, ಸೈಕಲ್ಲನ್ನು ಹಿಂದೆ ಮುಂದೆ ಸರಿಸಿ ಪೆಡಲನ್ನು ಮೇಲಿನ ಜಾಗಕ್ಕೆ ತಂದುಕೊಳ್ಳಬೇಕು. ಎಡಗೈಯಲ್ಲಿ ಊರುಗೋಲನ್ನು ನೆಲಕ್ಕೆ ಊರಿ ದೋಣಿ ನೂಕಿದ ಹಾಗೆ ನೂಕಬೇಕು, ಅದೇ ಹೊತ್ತಿಗೆ ಕಾಲು ಒತ್ತಬೇಕು. ಆಮೇಲೆ ಸೈಕಲ್ ಓಡುತ್ತಿರುವಾಗಲೇ ಊರುಗೋಲನ್ನು ಕೊಂಡಿಗೆ ಸಿಕ್ಕಿಸಬೇಕು. ಇಳಿಯುವಾಗ ಬ್ರೇಕ್ ಹಿಡಿದು ಪೂರಾ ನಿಲ್ಲಿಸಿ, ಬಲಕ್ಕೆ ವಾಲಿ ಕಾಲೂರಬೇಕು. ನಾನು ಬಿಡುವಾದಾಗೆಲ್ಲ ಹೋಗಿ ನೋಡುತ್ತಿದ್ದೆ, ಚೈನಿನ ಬಿಗಿತ ನೋಡಿ ಬರುತ್ತಿದ್ದೆ. ಒಮ್ಮೆ ಹೋದಾಗ ಆಕೆ ಶಾಲೆಯ ಮೈದಾನದಲ್ಲಿ ಒಬ್ಬಳೇ ಸುತ್ತುತ್ತಿದ್ದಳು. ಬ್ರೇಕ್ ಮುಟ್ಟದೆ, ಬರೀ ಕಾಲಿನ ಬಲದಿಂದ ನಿಧಾನ ಮಾಡಿ, ಮತ್ತೆ ವೇಗ ಕೊಡುತ್ತಿದ್ದಳು. ನನಗೆ ಬಾರದ ವಿದ್ಯೆ ಅದು. ಬೇಲಿಯ ಆಚೆಯೇ ನಿಂತು ನೋಡಿ, ಕರೆಯದೆ ಬಂದುಬಿಟ್ಟೆ.

ರಜೆ ಮುಗಿಯುವುದರೊಳಗೆ ಒಮ್ಮೆ ಪೂರ್ತಿ ದಾರಿ ಹೋಗಿ ನೋಡಬೇಕೆಂದು ಆಕೆಯೇ ಹೇಳಿಕಳಿಸಿದಳು. "ನೀವೂ ಬರ್ರಿ. ಹಾದ್ಯಾಗ ಏನರೆ ಸಡ್ಲ ಆದ್ರ?" ಗಂಡನಿಗೆ ಆ ದಿನ ಬಾಡಿಗೆ ಇತ್ತು. ನನ್ನ ಸ್ವಂತ ಸೈಕಲ್ ಮೇಲೆ, ಬೋಲ್ಟು ಬಿಗಿಯುವ ಪಾನಾ, ಚೈನಿನ ಕೊಂಡಿ, ಬೋಲ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಹಿಂದೆ ಹೊರಟೆ.

ಡಾಂಬರು ಬಿಟ್ಟು ಬದುವಿಗೆ ಇಳಿದೆವು. ಎರಡೂ ಕಡೆ ತೊಗರಿ ಆಳೆತ್ತರ ಬೆಳೆದು ಹಳದಿ ಹೂ ಬಿಟ್ಟಿತ್ತು. ಆಕೆ ಹೇಳಿದಂತೆಯೇ ದಾರಿ ಒಂದು ಗಾಲಿಯಷ್ಟೇ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಗಾಲಿ ಬಿರುಕಿಗೆ ಸಿಕ್ಕರೆ ಬೀಳುವುದು ಖಂಡಿತ. ಎಲ್ಲಿ ಬಿರುಕಿದೆ, ಎಲ್ಲಿ ಬೇರು ಎದ್ದಿದೆ ಎಂಬುದನ್ನೆಲ್ಲ ಬಲ್ಲವಳಂತೆ ಹೋಗುತ್ತಿದ್ದಳು. ತೊಗರಿಯ ಕೊಂಬೆಗಳು ಆಕೆ ಹೆಗಲಿಗೆ ಹಾಕಿಕೊಂಡಿದ್ದ ಟಪಾಲಿನ ಖಾಲಿ ಚೀಲಕ್ಕೆ ತಾಗಿ ಹೂವುದುರುತ್ತಿತ್ತು.

ಮುಂದೆ ಹಳ್ಳ. ದಂಡೆಯಿಂದ ಕಡಿದಾಗಿ ಇಳಿದು, ಕಲ್ಲುಗಳ ನಡುವೆ ಕಾಲು ಮುಳುಗುವಷ್ಟು ನೀರು ದಾಟಿ, ಆಚೆ ಅಷ್ಟೇ ಕಡಿದಾಗಿ ಏರಬೇಕು. ನಾನು ಹೆದರುತ್ತಿದ್ದದ್ದು ಇದಕ್ಕೇ. "ಇಳದು ನೂಕೋಣು ತಂಗೆವ್ವ" ಎಂದೆ. ಆಕೆಗೆ ಕೇಳಿಸಿತೋ ಇಲ್ಲವೋ.

ಇಳಿಜಾರಿನಲ್ಲಿ ಸೈಕಲ್ ಓಡಿಹೋಗಲಿಲ್ಲ. ಆಕೆ ಕಾಲಿನಿಂದ ಅದನ್ನು ಹಿಡಿದಿಟ್ಟಿದ್ದಳು. ತುಂಟ ಕರುವನ್ನು ಹಗ್ಗ ಹಿಡಿದು ಇಳಿಸಿಕೊಂಡು ಬರುವವರ ಹಾಗೆ, ಬೇಕಾದಷ್ಟೇ ಬಿಡುತ್ತ. ಆರು ಬೋಲ್ಟುಗಳು ನನ್ನ ಕಣ್ಣ ಮುಂದೆ ಬಂದವು. ನೀರು ಚಿಮ್ಮಿತು, ಕಲ್ಲುಗಳ ಮೇಲೆ ಗಾಲಿ ಕುಣಿಯಿತು. ಆಚೆಯ ದಂಡೆ ಶುರುವಾಯಿತು. ನಾನು ನೀರಿನ ನಡುವೆಯೇ ಇಳಿದುಬಿಟ್ಟಿದ್ದೆ. ಆಕೆ ಇಳಿಯಲಿಲ್ಲ.

ಏರಿನಲ್ಲಿ ಆಕೆಯ ಕಾಲನ್ನೇ ನೋಡುತ್ತಿದ್ದೆ. ಒಂದು ಒತ್ತು. ಪೆಡಲ್ ತಳ ಮುಟ್ಟಿದ ಜಾಗದಲ್ಲಿ ಸೈಕಲ್ ಇನ್ನೇನು ನಿಲ್ಲುತ್ತದೆ ಅನ್ನಿಸುತ್ತಿತ್ತು. ಗಾಲಿಯಲ್ಲಿ ಉಳಿದ ಅಷ್ಟೋ ಇಷ್ಟೋ ಓಟ ಆ ಕಾಲನ್ನು ಎತ್ತಿ ತುದಿಯ ಆಚೆಗೆ ದಾಟಿಸುತ್ತಿತ್ತು. ಮತ್ತೆ ಒತ್ತು. ಒಂದೊಂದು ಸುತ್ತಿನಲ್ಲೂ ಇದು ಕೊನೆಯದು ಎಂದುಕೊಂಡೆ. ಕಬ್ಬಿಣ ನನಗೆ ಗೊತ್ತು. ಅದು ಕೊಟ್ಟದ್ದಕ್ಕಿಂತ ಹೆಚ್ಚು ಹಿಂದಿರುಗಿಸುವುದಿಲ್ಲ. ಆ ಏರಿಗೆ ಬೇಕಾದ ಬಲವೆಲ್ಲ ಆಕೆಯ ಒಂದು ಕಾಲಿನದೇ. ನಾನು ಮಾಡಿದ್ದು ಅದು ಪೋಲಾಗದಂತೆ ನೋಡಿಕೊಂಡದ್ದು ಮಾತ್ರ. ದಂಡೆಯ ನೆತ್ತಿಯಲ್ಲಿ ಆಕೆಯ ತಲೆ, ಭುಜ, ಆಮೇಲೆ ಇಡೀ ಸೈಕಲ್ ಆಕಾಶಕ್ಕೆ ಅಡ್ಡವಾಗಿ ಒಂದು ಗಳಿಗೆ ಕಂಡು, ಆಚೆ ಮರೆಯಾಯಿತು. ನೀರಿನಲ್ಲಿ ನಿಂತ ನನ್ನ ಕಣ್ಣು ತುಂಬಿ ಬಂತು. ನಾಚಿಕೆಯೇನೂ ಅನ್ನಿಸಲಿಲ್ಲ. ಅಲ್ಲಿ ಯಾರೂ ಇರಲಿಲ್ಲ.

ನಾನು ಸೈಕಲ್ ನೂಕಿಕೊಂಡು ಮೇಲೆ ಬರುವಷ್ಟರಲ್ಲಿ ಆಕೆ ಮೊದಲನೆಯ ವಾಡಿ ತಲುಪಿದ್ದಳು. ಒಬ್ಬ ಅಜ್ಜಿ ಜೋಳ ಹಸನು ಮಾಡುತ್ತ ಕೂತಿತ್ತು. ಊರುಗೋಲು, ಮಡಚಿದ ಬಟ್ಟೆ, ನೀಲಿ ಸೈಕಲ್ ಎಲ್ಲವನ್ನೂ ಒಮ್ಮೆ ನೋಡಿ, ಮೊರ ಕೆಳಗಿಟ್ಟಿತು.

"ಬಂದೇನ್ ಬೇ" ಎಂದಿತು. "ಆ ಬದ್ಲಿ ಬಂದವ ದೂರ ನಿಂತು ಕೂಗಿ ಹೋಗ್ತಾನ. ನನಗ ಓದಿ ಹೇಳೋರ್ ಯಾರು? ಕೂಡು, ನೀರ್ ಕುಡಿ."

ಆಕೆ ಸೈಕಲ್ ಮೇಲಿಂದಲೇ ಕಾಲೂರಿ ನಿಂತು, ತಂಬಿಗೆ ಎತ್ತಿ ಕುಡಿದಳು. ಕೆನ್ನೆ ಕೆಂಪಾಗಿತ್ತು, ಬೆವರು ಕತ್ತಿನ ಮೇಲೆ ಇಳಿಯುತ್ತಿತ್ತು. "ಸೋಮವಾರದಿಂದ ನಾನೇ ಬರ್ತೇನಿ ಆಯಿ" ಎಂದಳು.

ನಾನು ಬಾಗಿ ಆರು ಬೋಲ್ಟುಗಳನ್ನೂ ಪಾನಾ ಹಾಕಿ ನೋಡಿದೆ. ಯಾವುದೂ ಅಲುಗಿರಲಿಲ್ಲ. ಚೈನು ಮುಟ್ಟಿದೆ, ಬಿಸಿಯಾಗಿತ್ತು. ಅಜ್ಜಿ ನನಗೂ ನೀರು ಕೊಟ್ಟಿತು. ಬೇವಿನ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುವ ಆಸೆ ನನಗೆ ಬಹಳವಿತ್ತು. ಎರಡೂ ಮೊಣಕಾಲು ನೋಯುತ್ತಿದ್ದವು.

ತಲೆ ಎತ್ತಿದಾಗ ಆಕೆ ಆಗಲೇ ಊರುಗೋಲು ಊರಿ ಹೊರಟಿದ್ದಳು. ಬದುವಿನ ಮೇಲೆ ಸ್ವಲ್ಪ ದೂರ ಹೋಗಿ, ತಿರುಗಿ ನೋಡದೆಯೇ ಕೂಗಿ ಹೇಳಿದಳು: "ಜರಾ ಜಲ್ದಿ ತುಳೀರಿ ಅಣ್ಣಾರ, ಇನ್ನೂ ವಾಡಿ ಭಾಳ ಅದಾವ."